ಬೈಲ್ಮರ್‌ನಿಂದ ಗುಂಡನಿಗೆ

ಲೋ ಗುಂಡ,

ನಿನ್ನ ಮೆಸೇಜಿಗೆ ಮೂರು ವಾರದಿಂದ ಉತ್ತರ ಕೊಟ್ಟಿಲ್ಲ. ಅದಕ್ಕೇ ಎಲ್ಲರ ಎದುರು ಬರೆಯುತ್ತಿದ್ದೇನೆ, ನೀನು ಬಾಯಿಗೆ ಬಂದ ಹಾಗೆ ಬೈಯಬಾರದಲ್ಲ. ಛತ್ರಿ ವಿಷಯ ಎತ್ತುವುದಿಲ್ಲ, ಹೆದರಬೇಡ.

ನಾನಿರುವುದು ಆಮ್‌ಸ್ಟರ್‌ಡ್ಯಾಮ್‌ನ ಬೈಲ್ಮರ್‌ನಲ್ಲಿ. ನೀನು ಫೋಟೋ ಕೇಳಿದ ವಾಲಿದ ಹಳೇ ಮನೆಗಳು ಈ ಕಡೆ ಇಲ್ಲ. 1966ರಲ್ಲಿ ಕಟ್ಟಲು ಶುರುಮಾಡಿದ ಬಡಾವಣೆ ಇದು. ಜೇನುಗೂಡಿನ ಹಾಗೆ ಮಡಚಿದ ಉದ್ದುದ್ದ ಕಟ್ಟಡಗಳು. ಕಾರು ಮೇಲಿನ ರಸ್ತೆಯಲ್ಲಿ, ಸೈಕಲ್ಲು ಕೆಳಗೆ. ನಮ್ಮ ಕಡೆ ಕಟ್ಟಡಗಳ ಹೆಸರೆಲ್ಲ 'ಕ'ದಿಂದಲೇ, ಒಂದನೇ ಕ್ಲಾಸಿನ ಕಾಗುಣಿತದ ಹಾಗೆ: ಕ್ಲೈಬರ್ಗ್, ಕ್ರೌಟ್‌ಬೆರ್ಗ್, ಕಿಕನ್‌ಸ್ಟೈನ್.

ಡಚ್ ಮಧ್ಯಮ ವರ್ಗದವರಿಗೆಂದು ಕಟ್ಟಿದ್ದು. ಅವರಿಗೆ ಹಿತ್ತಲಿರುವ ಮನೆಯೇ ಬೇಕಿತ್ತು, ಹೆಚ್ಚು ಜನ ಬರಲಿಲ್ಲ. ಬಂದವರು ದಕ್ಷಿಣ ಅಮೆರಿಕದಲ್ಲಿ ಡಚ್ಚರ ಕೈಯಲ್ಲಿದ್ದ ಸುರಿನಾಮಿನವರು, 1975ರಲ್ಲಿ ಆ ದೇಶ ಸ್ವತಂತ್ರವಾಗುವ ಆಸುಪಾಸಿನಲ್ಲಿ. ಮನೆ ಖಾಲಿ ಇದ್ದರೂ ಕೊಡಲು ಹಿಂದೇಟು. 1974ರಲ್ಲಿ ಒಂದು ಕಟ್ಟಡಕ್ಕೆ ನುಗ್ಗಿ ಕೂತೇಬಿಟ್ಟರು. ಆಮೇಲೆ 1992ರ ಅಕ್ಟೋಬರ್ 4ರ ಸಂಜೆ ಕಾರ್ಗೋ ವಿಮಾನವೊಂದು ಮನೆಗಳ ಮೇಲೆಯೇ ಬಿತ್ತು. 43 ಜನ ಹೋದರು. ಅಲ್ಲಿ ಉಳಿದ ಒಂದು ಮರಕ್ಕೆ 'ಎಲ್ಲ ಕಂಡ ಮರ' ಅಂತ ಹೆಸರು. ಅದರ ಹತ್ತಿರ ಬಂದಾಗ ಫೋನನ್ನು ಜೇಬಿಗೆ ಹಾಕುತ್ತೇನೆ, ಸುಮ್ನೆ.

ಆಫೀಸಿನಲ್ಲಿ ಮನೆ ಎಲ್ಲಿ ಅಂದರೆ ಮಾತ್ರ "ಸ್ಟೇಡಿಯಂ ಹತ್ತಿರ" ಅನ್ನುತ್ತೇನೆ.

ಹೋದ ಶನಿವಾರ ರೋಟಿ ಅಂಗಡಿಯ ಅಜ್ಜಿ "ಸುರಿನಾಮಿನವನಾ?" ಅಂದರು. "ಅಲ್ಲಲ್ಲ, ಇಂಡಿಯಾ. ಡೈರೆಕ್ಟ್" ಅಂದೆ. ಎಷ್ಟು ಬೇಗ ಅಂದೆ ಗೊತ್ತಾ, ಗೇಟಿನಲ್ಲಿ ಐಡಿ ಕಾರ್ಡ್ ತೋರಿಸಿದ ಹಾಗೆ. ಅಜ್ಜಿ ನಕ್ಕರು. "ನಾವೂ ಅಲ್ಲಿಯವರೇ ಮಗಾ, ಸ್ವಲ್ಪ ಸುತ್ತಿಕೊಂಡು ಬಂದ್ವಿ." 1873ರಲ್ಲಿ ಕೂಲಿಯವರನ್ನು ಹೊತ್ತು ಕಲ್ಕತ್ತಾದಿಂದ ಸುರಿನಾಮಿಗೆ ಹೊರಟ ಮೊದಲ ಹಡಗು, ಐದು ವರ್ಷದ ಕರಾರು, ಕಬ್ಬಿನ ತೋಟ. ಮನೆಗೆ ಬಂದು ಇದನ್ನೆಲ್ಲ ಓದುತ್ತಾ ಕೂತೆ. ನಾಚಿಕೆಯಾಯಿತು ಕಣೋ. ನಾನೂ ಕರಾರಿನ ಮೇಲೆ ಬಂದವನೇ ಅಲ್ವಾ? ಅದೂ ಒಂದೇ ವರ್ಷದ್ದು. ಮಾರ್ಚ್ ಆದಮೇಲೆ ಇರುತ್ತೋ ಇಲ್ಲವೋ ಯಾರೂ ಹೇಳುತ್ತಿಲ್ಲ. ರಾತ್ರಿ ನಿದ್ದೆ ಬರಲ್ಲ. ಅಮ್ಮನಿಗೆ ಹೇಳಿಲ್ಲ.

ಥತ್, ಈಗ ಹೇಳಿದ ಹಾಗೇ ಆಯ್ತು. ಅಮ್ಮನಿಗೆ ಫೋನಲ್ಲಿ ಇದನ್ನು ತೋರಿಸಬೇಡ ಅಂತ ನಿಮ್ಮಕ್ಕನಿಗೆ ಹೇಳು.

ಅಂದಹಾಗೆ, ಡೈರೆಕ್ಟ್ ಇಂಡಿಯಾದವನು ಖಾರಕ್ಕೆ ಹೆದರಬಾರದಲ್ಲ, ಜಾಸ್ತಿ ಹಾಕಿ ಅಂದೆ. ಅವರ ಹಳದಿ ಮೆಣಸಿನಕಾಯಿಗೆ ಮೇಡಂ ಜಾನೆಟ್ ಅಂತ ಹೆಸರು. ನಮ್ಮ ಬ್ಯಾಡಗಿ ಅದರ ಮುಂದೆ ಅಂಗನವಾಡಿ ಮಗು. ಎರಡನೇ ತುತ್ತಿಗೆ ಕಣ್ಣಲ್ಲಿ ನೀರು. ಅಜ್ಜಿ ಏನೂ ಕೇಳದೆ ಮೊಸರಿನ ಬಟ್ಟಲು ತಂದಿಟ್ಟರು.

ನಿನ್ನ,
ಡೈರೆಕ್ಟ್