ಈ ಊರಿನ ಸದ್ದು ಕೇಳಿರೋ ಕೂಸಿನ ಪರವಾಗಿ

ನಾಳೆ ಬೆಳಗ್ಗೆ ಆರಕ್ಕೆ ಲಾರಿ ಬರುತ್ತೆ. ಕುರ್ಚಿ ಎಲ್ಲ ಕಟ್ಟಿ ಆಗಿದೆ, ನೆಲದ ಮೇಲೆ ಎರಡು ದಿಂಬು ಹಾಕ್ಕೊಂಡು ಗೋಡೆಗೆ ಒರಗಿ ಕೂತು ಟೈಪ್ ಮಾಡ್ತಿದೀನಿ, ಇಲ್ಲಿಂದ ಏಳ್ಬೇಕು ಅಂದ್ರೆ ಯಾರಾದ್ರೂ ಕೈ ಕೊಟ್ಟು ಎಳೀಬೇಕು, ಎಳೆಯೋ ನನ್ನ ಗಂಡ ಪ್ಯಾಕಿಂಗ್ ಟೇಪ್ ಖಾಲಿ ಆಯ್ತು ಅಂತ ಹೊರಗೆ ಹೋಗಿದಾರೆ. ಅವ್ರು ಬರೋವರೆಗೂ ಬರೀತೀನಿ.

ಗೊತ್ತಿಲ್ದೋರಿಗೆ ಸುದ್ದಿ ಏನಪ್ಪಾ ಅಂದ್ರೆ ಪಿಎಚ್‌ಡಿ ಮುಗೀತು, ಹೋದ ವಾರ ವೈವಾ ಅಂದ್ರೆ ಕೊನೇ ಮೌಖಿಕ ಪರೀಕ್ಷೆ ಆಯ್ತು, ಹೊಟ್ಟೆಯಲ್ಲಿ 33ನೇ ವಾರ. ಇನ್ನೂ ತಡ ಮಾಡಿದ್ರೆ ದೂರದ ಪ್ರಯಾಣ ಕಷ್ಟ ಅಂತ ಡಾಕ್ಟರ್ ಹೇಳಿದ್ರಿಂದ ನಾಳೇನೇ ಹೊರಟ್ವಿ. ಏಳು ವರ್ಷ ಇದ್ದ ಊರು. ಪಾಪು ಇಲ್ಲಿ ಹುಟ್ಟಲ್ಲ ಅನ್ನೋದು ನಂಗೆ ಯಾಕೋ ಬಹಳ ದಿನ ಚುಚ್ತಾ ಇತ್ತು, ಏನೋ ಮೋಸ ಮಾಡ್ತಿದೀನಿ ಅನ್ನೋ ಥರ. ಆಮೇಲೆ ಒಂದಿನ ಓದ್ದೆ, ಸುಮಾರು 25ನೇ ವಾರದ ಹೊತ್ತಿಗೆ ಒಳಗಿರೋ ಕೂಸು ಹೊರಗಿನ ಸದ್ದಿಗೆ ಮಿಸುಕಾಡೋಕೆ ಶುರು ಮಾಡುತ್ತಂತೆ, ದಪ್ಪ ದನಿ ಒಳಗೆ ಚೆನ್ನಾಗಿ ಹೋಗುತ್ತೆ, ಕೀರಲು ದನಿ ಅರ್ಧ ದಾರೀಲೇ ಮಂಕಾಗುತ್ತೆ. ಅಂದ್ರೆ ಇದು ಎರಡು ತಿಂಗಳಿಂದ ನಿಮ್ಮನ್ನೆಲ್ಲ ಕೇಳಿಸ್ಕೊಂಡು ಕೂತಿದೆ. ಊರು ನೋಡಿಲ್ಲ, ಆದ್ರೆ ಕೇಳಿದೆ. ಹಾಗಾಗಿ ಈ ಥ್ಯಾಂಕ್ಸು ನಮ್ಮಿಬ್ಬರ ಕಡೆಯಿಂದ.

ಮೊದಲು ನನ್ನ ಪಿಎಚ್‌ಡಿ ಗೈಡ್‌ಗೆ. ಸರ್, ಮನೆಯವ್ರಿಗಿಂತ ಮುಂಚೆ ನಿಮಗೆ ಹೇಳಿದ್ದು ನೆನಪಿದ್ಯಾ? ಆರೂವರೆ ವಾರ ಅಷ್ಟೇ ಆಗಿತ್ತು, ಹೇಳೋ ಮನಸ್ಸೇ ಇರ್ಲಿಲ್ಲ, ಯಾಕಂದ್ರೆ ಎರಡು ವರ್ಷದ ಹಿಂದೆ ಖುಷೀಲಿ ಎಲ್ಲರಿಗೂ ಹೇಳಿ, ಹತ್ತನೇ ವಾರದಲ್ಲಿ ಅದೇ ಎಲ್ಲರಿಗೂ ಇನ್ನೊಂದು ಸಲ ಹೇಳ್ಬೇಕಾಗಿ ಬಂದಿತ್ತು. ಆದ್ರೆ ನನ್ನ ಪ್ರಯೋಗದಲ್ಲಿ ದಿನಾ ಫಾರ್ಮಮೈಡ್ ಅನ್ನೋ ಕೆಮಿಕಲ್ ಬಳಸ್ಬೇಕು, ಅದು ಹೊಟ್ಟೆಯಲ್ಲಿರೋ ಮಗುಗೆ ಅಪಾಯ ಅಂತ ಬಾಟಲಿ ಮೇಲೇ ಬರೆದಿರ್ತಾರೆ, ಗ್ಲವ್ಸ್ ಹಾಕ್ಕೊಂಡ್ರೆ ಸಾಕು ಅಂತ ಧೈರ್ಯ ಮಾಡೋ ವಿಷಯ ಅಲ್ಲ. ಬಾಗಿಲ ಹತ್ರ ನಿಂತು ತೊದಲಿದೆ. ನೀವು ಒಂದೇ ಒಂದು ಪ್ರಶ್ನೆ ಕೇಳಿದ್ರಿ, "ಯಾವ್ಯಾವ ಸ್ಟೆಪ್ಪು?" ಅಂತ. ಕಂಗ್ರಾಟ್ಸ್ ಇಲ್ಲ, ನಿಟ್ಟುಸಿರಿಲ್ಲ, ಥೀಸಿಸ್ ಗತಿ ಏನು ಅನ್ನೋ ಮುಖಾನೂ ಇಲ್ಲ. ಸಂಜೆ ಹೊತ್ತಿಗೆ ಬೆಂಚಿನ ಮೇಲೆ ಹೊಸ ಪಟ್ಟಿ ಅಂಟಿತ್ತು, ಆ ಸ್ಟೆಪ್ಪುಗಳ ಮುಂದೆ ಬೇರೆಯವ್ರ ಹೆಸರಿತ್ತು, ಕಾರಣ ಬರೆದಿರ್ಲಿಲ್ಲ. ಆ ಪಟ್ಟಿ ಕಿತ್ಕೊಂಡು ಬಂದಿದೀನಿ ಸರ್, ಕ್ಷಮಿಸಿ. ಪುಸ್ತಕದ ಡಬ್ಬದಲ್ಲಿದೆ.

(ಇನ್ನೊಬ್ರು ದೊಡ್ಡವ್ರು, "ಡಿಗ್ರಿ ಮುಗಿಯೋವರೆಗೂ ಕಾಯ್ಬಹುದಿತ್ತಲ್ಲಮ್ಮ" ಅಂದ್ರು. ಅವ್ರಿಗೆ ಥ್ಯಾಂಕ್ಸ್ ಇಲ್ಲ.)

ಆ ಪಟ್ಟೀಲಿ ಹೆಸರಿದ್ದ ಲ್ಯಾಬ್‌ಮೇಟೇ, ನಿಂಗೆ ಏನು ಹೇಳ್ಲಿ. ಐದು ತಿಂಗಳು ನಿನ್ನ ಕೆಲಸ ಮುಗಿಸಿ ರಾತ್ರಿ ನನ್ನ ಸ್ಲೈಡ್ ತೊಳೆದೆ. ನಾನು ಗಾಜಿನ ಬಾಗಿಲಿನ ಆಚೆ ಸ್ಟೂಲ್ ಹಾಕ್ಕೊಂಡು "ಇನ್ನೂ ಎರಡು ನಿಮಿಷ ಬಿಡು, ಈಗ ತೆಗಿ" ಅಂತ ಕೂಗ್ತಿದ್ದೆ, ನಿಂಗೆ ನನಗಿಂತ ಚೆನ್ನಾಗಿ ಗೊತ್ತಿತ್ತು, ಆದ್ರೂ ಸುಮ್ನೆ ಹೂಂ ಅಂತಿದ್ದೆ. ನಾಲ್ಕನೇ ಅಧ್ಯಾಯದ ಒಂದೊಂದು ಚಿತ್ರಾನೂ ನಿನ್ನ ಕೈದು. ನಿನ್ನ ದನಿ ಕೀರಲು, ಪಾಪುಗೆ ಸರಿಯಾಗಿ ಕೇಳಿಸಿರಲ್ಲ, ಬೇಜಾರಾಗ್ಬೇಡ, ಹುಟ್ಟಿದ ಮೇಲೆ ಫೋನ್ ಮಾಡು.

ಜೂನಿಯರ್ ಹುಡುಗನ ಕಥೆ ಎಲ್ಲರಿಗೂ ಗೊತ್ತಾಗ್ಲೇಬೇಕು. ನನ್ನ ರಕ್ತ ಓ ನೆಗೆಟಿವ್, ಗಂಡಂದು ಪಾಸಿಟಿವ್. ಮಗುದೂ ಪಾಸಿಟಿವ್ ಆಗಿದ್ದು ಅದರ ರಕ್ತ ನನ್ನ ರಕ್ತಕ್ಕೆ ಸೇರಿದ್ರೆ ನನ್ನ ಮೈ ಅದರ ವಿರುದ್ಧ ಆಂಟಿಬಾಡಿ ಮಾಡ್ಕೊಂಡುಬಿಡಬಹುದು, ಆಗ ಮುಂದಿನ ಮಗುಗೆ ತೊಂದರೆ, ಅದಕ್ಕೆ 28ನೇ ವಾರದಲ್ಲಿ ಆಂಟಿ-ಡಿ ಅಂತ ಇಂಜೆಕ್ಷನ್ ಕೊಡ್ತಾರೆ. ಆಸ್ಪತ್ರೆಗೆ ಹೋದ್ರೆ ಸ್ಟಾಕ್ ಇಲ್ಲ. ಹೊರಗಡೆ ತರೋಣ ಅಂದ್ರೆ ಅದು 2ರಿಂದ 8 ಡಿಗ್ರಿ ಒಳಗೇ ಇರ್ಬೇಕು, ಗಂಡಾನೂ ಆಗ ಊರಲ್ಲಿರ್ಲಿಲ್ಲ. ಈ ಪುಣ್ಯಾತ್ಮ ಬೈಕಲ್ಲಿ ನಾಲ್ಕು ಅಂಗಡಿ ಸುತ್ತಿ, ಲ್ಯಾಬಿನ ಐಸ್ ಬಾಕ್ಸಲ್ಲಿ ಥರ್ಮಾಮೀಟರ್ ಇಟ್ಕೊಂಡು, ಔಷಧಿ ಬಾಟಲಿ ಐಸ್‌ಗೆ ನೇರ ತಾಗಿ ಫ್ರೀಜ್ ಆಗ್ಬಾರ್ದು ಅಂತ ಬಟ್ಟೆ ಸುತ್ತಿ ತಂದ. ನರ್ಸ್ ಕೈಗೆ ಕೊಡೋವಾಗ "ಮೇಡಂ, 4 ಡಿಗ್ರಿ, ಚೆಕ್ ಮಾಡ್ಕೊಳ್ಳಿ" ಅಂದ. ಅವ್ರು ನಕ್ಕಿದ್ದು ನಕ್ಕಿದ್ದೇ. ಲೋ, ನಿನ್ನ ಥೀಸಿಸ್ ಕಥೆ ನಂಗೊತ್ತಿಲ್ಲ, ಆದ್ರೆ ನೀನು ಪಾಸು.

ಶುಗರ್ ಟೆಸ್ಟ್ ದಿನ 75 ಗ್ರಾಂ ಗ್ಲೂಕೋಸ್ ನೀರು ಕುಡಿದು ಎರಡು ಗಂಟೆ ಅಲ್ಲಾಡ್ದೆ ಕೂತಿರ್ಬೇಕಿತ್ತಲ್ಲ, ಆಗ ಪಕ್ಕದಲ್ಲಿ ಕೂತು ನನ್ನ ರೆಫರೆನ್ಸ್ ಎಲ್ಲ ಸರಿ ಮಾಡಿದ ಗೆಳತಿಗೆ, ಲೈಬ್ರರೀಲಿ ಮೆಟ್ಟಿಲು ಹತ್ತಬೇಡಿ ಅಂತ ಮೂರನೇ ಮಹಡಿ ಪುಸ್ತಕ ಕೆಳಗೇ ತಂದುಕೊಟ್ಟ ಅಣ್ಣನಿಗೆ, ಕೊನೇ ವಿಸಿಟ್ಟಲ್ಲಿ ಎಲ್ಲಾ ಸ್ಕ್ಯಾನು, ಬಿಪಿ, ಇಂಜೆಕ್ಷನ್ ತಾರೀಖು ಎರಡು ಪುಟ ಕೈಯಲ್ಲೇ ಬರೆದು "ಹೊಸ ಡಾಕ್ಟರಿಗೆ ಇದನ್ನ ಮೊದಲು ತೋರ್ಸು, ದಾರೀಲಿ ಒಂದೂವರೆ ಗಂಟೆಗೊಂದ್ಸಲ ಇಳಿದು ನಡಿ, ಕಾಲಲ್ಲಿ ರಕ್ತ ಹೆಪ್ಪುಗಟ್ಟಬಾರ್ದು" ಅಂದ ಡಾಕ್ಟರಮ್ಮನಿಗೆ. ಆ ಎರಡು ಪುಟ ಲಾರೀಲಿ ಹೋಗಲ್ಲ, ನನ್ನ ಕೈಚೀಲದಲ್ಲೇ ಇರುತ್ತೆ.

ವೈವಾ ದಿನದ್ದು ಒಂದು ಹೇಳಿಬಿಡ್ತೀನಿ. ಎಲ್ಲ ಚೆನ್ನಾಗೇ ನಡೀತಿತ್ತು, ಎಕ್ಸಾಮಿನರ್ ಏನೋ ಕೇಳಿದ್ರು, ಗೈಡು ಮಧ್ಯ ಬಾಯಿ ಹಾಕಿದ್ರು, ಅವ್ರ ಆ ಬಾವಿಯೊಳಗಿಂದ ಬಂದ ಹಾಗಿರೋ ದನಿ ಕೇಳಿದ್ದೇ ತಡ ಪಾಪು ಪಕ್ಕೆಗೆ ಎಂಥಾ ಒದೆ ಕೊಡ್ತು ಅಂದ್ರೆ ನಾನು "ಅಯ್ಯೋ" ಅಂದೆ ಮೈಕಲ್ಲೇ. ಎಕ್ಸಾಮಿನರ್ ಗಾಬರಿಯಾಗಿ, ಪ್ರಶ್ನೆ ಅಷ್ಟು ಕಷ್ಟಾನಾ, ಬೇಡ ಬಿಡಿ ಅಂದ್ರು. ಹಿಂದಿನ ಸಾಲಲ್ಲಿ ಯಾರೋ ಚಪ್ಪಾಳೆ ತಟ್ಟಿದ್ರಿ, ಯಾರು ಅಂತ ಗೊತ್ತು.

ಫ್ರಿಜ್ಜು, ಇಸ್ತ್ರಿ ಪೆಟ್ಟಿಗೆ, ಬಿಳಿ ಬೋರ್ಡು ಬಿಟ್ಟುಹೋಗ್ತಿದೀವಿ, ಲ್ಯಾಬಿನವ್ರು ತಗೊಳ್ಳಿ, ಫ್ರಿಜ್ಜಿನ ಬಾಗಿಲು ಸ್ವಲ್ಪ ಎತ್ತಿ ಹಾಕ್ಬೇಕು. ತೊಟ್ಟಿಲು ಇನ್ನೂ ತಗೊಂಡಿಲ್ಲ, ಅಲ್ಲಿಗೆ ಹೋಗಿ ನೋಡ್ಬೇಕು, ಹೊಸ ಊರಲ್ಲಿ ಹೆಸರು ಹಿಡಿದು ಕರೆಯೋಕೆ ಸದ್ಯಕ್ಕೆ ಒಬ್ರೂ ಇಲ್ಲ, ಹೆದರಿಕೆ ಇದ್ದೇ ಇದೆ.

ಗಂಡ ಬಂದ್ರು. ಅಂಗಡಿ ಮುಚ್ಚಿತ್ತಂತೆ, ಬರೀಗೈಲಿ ಮೆಟ್ಟಿಲು ಹತ್ತೋವಾಗ ಎದುರುಮನೆ ಆಂಟಿ ಕರೆದು ಟೇಪ್ ಕೊಟ್ರಂತೆ, ಹೊಸದು, ಪ್ಲಾಸ್ಟಿಕ್ ಕೂಡ ಬಿಚ್ಚಿಲ್ಲ. ಆಂಟಿ, ನಿಮ್ಮ ಹೆಸರು ಬಿಟ್ಟೋಗ್ತಿತ್ತು ನೋಡಿ. ಇನ್ನೂ ಆರು ಡಬ್ಬ ಇದೆ, ಏಳ್ತೀನಿ.