ಎತ್ತಿನ ಚರ್ಮದಷ್ಟು ಜಾಗ

ಪ್ರಿಯ ಶೀನೂ,

ನಿನಗೊಬ್ಬನಿಗೇ ಬರೆದರೆ ನೀನು ಉತ್ತರಿಸುವುದಿಲ್ಲ. ನಾಲ್ಕು ಜನರ ಮುಂದೆ ಬರೆದರೆ ಮರ್ಯಾದೆಗೆ ಅಂಜಿಯಾದರೂ ಎರಡು ಸಾಲು ಹಾಕುತ್ತೀಯ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಓದುತ್ತಿರುವ ಉಳಿದವರು ಒಂಟೆಯ ವಿಷಯ ಕೇಳಬಾರದು, ನೀನೂ ಹೇಳಬಾರದು.

ಮಕ್ಕಳಿಗಾಗಿ ಟ್ಯುನೀಷಿಯಾದ ಬಗ್ಗೆ ಪುಟ್ಟ ಪುಸ್ತಕ ಬರೆಯುತ್ತೇನೆ ಎಂದಾಗ, ಪಾಸ್‌ಪೋರ್ಟೇ ಇಲ್ಲದವನಿಗೆ ಇದೆಲ್ಲ ಯಾಕೆ ಎಂದು ನಕ್ಕಿದ್ದೆಯಲ್ಲ. ಬರೆದೆ. ಕ್ರಿ.ಪೂ. 218ರಲ್ಲಿ 37 ಆನೆಗಳನ್ನು ಕಟ್ಟಿಕೊಂಡು ಅಲ್ಲಿನ ಪ್ರಾಚೀನ ಸೇನಾಪತಿ ಹ್ಯಾನಿಬಲ್ ಆಲ್ಪ್ಸ್ ದಾಟಲು ಹೊರಟಿದ್ದು ಮುಗಿಯಿತು. ಮಶ್ಮೂಮ್ ಕೂಡ ಮುಗಿಯಿತು. ಅರಳದ ಮಲ್ಲಿಗೆ ಮೊಗ್ಗುಗಳನ್ನು ಒಣಹುಲ್ಲಿನ ಕಡ್ಡಿಗಳಿಗೆ ಸಿಕ್ಕಿಸಿ, ದಾರ ಸುತ್ತಿ ಕಟ್ಟುವ ಗೊಂಚಲು ಅದು. ಬೇಸಿಗೆಯ ಸಂಜೆ ಅದನ್ನು ಕಿವಿಗೆ ಸಿಕ್ಕಿಸಿಕೊಂಡು ತಿರುಗುವವರು ಅಲ್ಲಿನ ಗಂಡಸರು! ಈ ಪುಟ ಓದಿದಾಗ ಹುಡುಗರು ನಾಚಿಕೊಂಡರು, ಹುಡುಗಿಯರು ಬಿದ್ದು ಬಿದ್ದು ನಕ್ಕರು.

ನಾನು ಹೆಚ್ಚು ಮೆಚ್ಚಿ ಬರೆದದ್ದು ಎಲಿಸ್ಸಾಳ ದಂತಕಥೆ. ಈಗಿನ ಲೆಬನಾನಿನ ಟೈರ್ ನಗರದಿಂದ, ಒಡಹುಟ್ಟಿದವನಿಗೆ ಹೆದರಿ ಹಡಗು ಹತ್ತಿದ ರಾಜಕುಮಾರಿ ಈ ತೀರಕ್ಕೆ ಬಂದು ಒಂದು ಎತ್ತಿನ ಚರ್ಮದಷ್ಟು ಜಾಗ ಕೇಳುತ್ತಾಳೆ. ಕೊಟ್ಟರು. ಆಕೆ ಚರ್ಮವನ್ನು ದಾರದಷ್ಟು ತೆಳ್ಳಗೆ ಸೀಳಿಸಿ ಒಂದು ಗುಡ್ಡವನ್ನೇ ಸುತ್ತಿಸಿದಳು. ಅದೇ ಬಿರ್ಸಾ, ಗ್ರೀಕಿನಲ್ಲಿ ಆ ಪದಕ್ಕೆ ಚರ್ಮ ಎಂದೇ ಅರ್ಥ. ಅಲ್ಲಿ ಎದ್ದದ್ದು ಕಾರ್ಥೇಜ್ ನಗರ. ಪರಂಪರೆ ಕೊಡುವ ವರ್ಷ ಕ್ರಿ.ಪೂ. 814.

ಕಳೆದ ಭಾನುವಾರ ಗ್ರಂಥಾಲಯದಲ್ಲಿ ಇದನ್ನು ಓದಿದೆ. ಚಪ್ಪಾಳೆಯೋ ಚಪ್ಪಾಳೆ. ಒಬ್ಬ "ವಾಮನ!" ಎಂದು ಕೂಗಿದ. ಹಿಂದಿನ ಸಾಲಿನಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಕೈ ಎತ್ತಿದಳು: "ಸರ್, ಜಾಗ ಕೊಟ್ಟವರ ಹೆಸರೇನು?"

ಬಲಿಗಾದರೂ ದೀಪಾವಳಿಗೊಮ್ಮೆ ಬಂದು ಹೋಗುವ ದಾರಿಯಿದೆ. ನನ್ನ ಪುಸ್ತಕದಲ್ಲಿ ಇವರಿಗೆ ಅದೂ ಇಲ್ಲ. ಮನೆಗೆ ಬಂದು ಹಸ್ತಪ್ರತಿ ತಿರುವಿದೆ. ನಾಲ್ಕು ಕಡೆ "ಸ್ಥಳೀಯರು" ಎಂದು ಬರೆದಿದ್ದೇನೆ, ಅಷ್ಟೇ. ಕಾರ್ಥೇಜ್, ರೋಮ್, ಅರಬ್ಬರು, ಫ್ರೆಂಚರು, ಎಲ್ಲರಿಗಿಂತ ಮೊದಲೇ ಅಲ್ಲಿದ್ದವರು, ಈಗಲೂ ಇರುವವರು. ಹೊರಗಿನವರು ಅವರನ್ನು ಬರ್ಬರ್ ಎಂದರು, ಅನಾಗರಿಕ ಎಂಬರ್ಥದ ಪದದಿಂದ. ಅವರು ತಮ್ಮನ್ನು ಕರೆದುಕೊಳ್ಳುವುದು ಅಮಾಝಿಘ್ ಎಂದು. ದಕ್ಷಿಣದ ಮಟ್‌ಮಾಟದಲ್ಲಿ ನೆಲದಲ್ಲಿ ದೊಡ್ಡ ಹೊಂಡ ತೋಡಿ, ಅದರ ಗೋಡೆಗಳಲ್ಲಿ ಕೋಣೆ ಕೊರೆದ ಅವರ ಮನೆಗಳ ಬಗ್ಗೆ ನಾನು ಒಂದೂವರೆ ಪುಟ ಬರೆದಿದ್ದೇನೆ. ತೋಡಿದವರ ಬಗ್ಗೆ ಒಂದು ಸಾಲಿಲ್ಲ.

ಎಲಿಸ್ಸಾಳ ಕಥೆ ಬರೆದಿಟ್ಟ ರೋಮನ್ ಇತಿಹಾಸಕಾರ ಜಸ್ಟಿನ್ ಇನ್ನೊಂದು ಮಾತನ್ನೂ ಹೇಳುತ್ತಾನೆ: ಆ ನೆಲಕ್ಕೆ ಕಾರ್ಥೇಜಿನವರು ವರ್ಷ ವರ್ಷ ಗೇಣಿ ಕೊಡಬೇಕಿತ್ತು, ಬಲ ಬಂದ ಮೇಲೆ ನಿಲ್ಲಿಸಿಬಿಟ್ಟರು. ಇದನ್ನು ನಾನು ಓದಿದ್ದೆ, ಶೀನೂ. ಓದಿಯೂ ಬಿಟ್ಟಿದ್ದೆ. ಕಥೆಯ ಮಜಾ ಕೆಡುತ್ತದೆ ಎಂದು.

ನಮ್ಮ ಅಜ್ಜನ ಸರಪಳಿಯ ಕಥೆ ನಿನಗೆ ಗೊತ್ತು. ಮೋಜಣಿಯ ದಿನ ಬೇಲಿ ಎರಡು ಮಾರು ನಡೆದ ಕಥೆ. ಎಷ್ಟು ಮದುವೆಯ ಪಂಕ್ತಿಗಳಲ್ಲಿ ಹೇಳಿ ನಗಿಸಿದ್ದೇನೆ! ಬೇಲಿಯ ಆಚೆ ಇದ್ದವರ ಹೆಸರು ಆ ರಾತ್ರಿ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಅಮ್ಮನಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಈಗ ಯಾಕೆ ಅದು? ನಿನ್ನ ಕಾಲೇಜಿನ ಫೀಸಿಗೆ ಆ ಸಾಲಿನ ಅಡಿಕೆಯೂ ಸೇರಿತ್ತು" ಎಂದಳು. ಹೆಸರು ಹೇಳಲಿಲ್ಲ. ನಾನು ಮತ್ತೆ ಕೇಳಲೂ ಇಲ್ಲ.

ಸರಿ, ಸಾಕು. ಟ್ಯುನೀಷಿಯಾ ಬರೆಯಲು ಕೂತವನು ಸ್ವಂತ ತೋಟದ ಪಹಣಿ ಓದುತ್ತಿದ್ದಾನೆ. ಇದನ್ನು ನೋಡಿದರೆ ನನ್ನ ತಂಗಿ ಫೋನ್ ಮಾಡುತ್ತಾಳೆ. ನೀನು ಬರೆದದ್ದು ಎಂದು ಹೇಳಿಬಿಡುತ್ತೇನೆ.

ಅಮಾಝಿಘರಿಗೆಂದು ಎರಡು ಪುಟ ಸೇರಿಸಿದ್ದೇನೆ. ಪುಟ ಹೆಚ್ಚಾಯಿತು, ಏನನ್ನಾದರೂ ತೆಗೆಯಿರಿ ಎಂದು ಪ್ರಕಾಶಕರು ಹೇಳಿದ್ದಾರೆ. ಒಂಟೆಯ ಚಿತ್ರ ತೆಗೆಯುತ್ತೇನೆ. ಈಗ ಸಮಾಧಾನವಾಯಿತೇ?

ನಿನ್ನ,
ಪಾಸ್‌ಪೋರ್ಟಿಲ್ಲದವನು