ಸ್ಪೀಡ್‌ಬೋಟಿನ ಪ್ರೊಪೆಲ್ಲರ್ ಬದಲಾವಣೆಯಲ್ಲಿ ಆಗಿರುವ ಸೇವಾ ನ್ಯೂನತೆಯ ಕುರಿತು ದೂರು ಪತ್ರ

ಇಂದ:
ಪ್ರವಾಸಿ ಸ್ಪೀಡ್‌ಬೋಟ್ ಮಾಲೀಕ ಮತ್ತು ಚಾಲಕ,
ಮಲ್ಪೆ, ಉಡುಪಿ ಜಿಲ್ಲೆ

ಗೆ:
ವ್ಯವಸ್ಥಾಪಕರು, ಸರ್ವಿಸ್ ವಿಭಾಗ,
ಔಟ್‌ಬೋರ್ಡ್ ಇಂಜಿನ್ ಮಾರಾಟ ಮತ್ತು ದುರಸ್ತಿ ಸಂಸ್ಥೆ

ವಿಷಯ: 115 ಅಶ್ವಶಕ್ತಿಯ ಔಟ್‌ಬೋರ್ಡ್ ಇಂಜಿನ್ನಿಗೆ (ಬೋಟಿನ ಹಿಂಬದಿಗೆ ಹೊರಗಿನಿಂದ ಜೋಡಿಸುವ ಇಂಜಿನ್) ಹೊಂದದ ಪ್ರೊಪೆಲ್ಲರ್ ಹಾಕಿ, ಇಂಜಿನ್ನನ್ನು ಅತಿಯಾಗಿ ಮೇಲೆತ್ತಿ ಕೂರಿಸಿರುವುದನ್ನು ಸರಿಪಡಿಸಿ ಹಣ ಮರಳಿಸುವ ಬಗ್ಗೆ.

ಮಾನ್ಯರೇ,

ಪ್ರವಾಸಿ ಬೋಟುಗಳು ದಡ ಸೇರುವ ಮಳೆಗಾಲವೇ ಇಂಥ ಕೆಲಸಕ್ಕೆ ಅನುಕೂಲವೆಂದು ನನ್ನ 19 ಅಡಿಯ ಫೈಬರ್ ಸ್ಪೀಡ್‌ಬೋಟನ್ನು ತಮ್ಮ ವರ್ಕ್‌ಶಾಪಿಗೆ ಒಪ್ಪಿಸಿದ್ದೆ. ನಾನು ಕೇಳಿದ್ದು ಎರಡೇ: ವೇಗ ಸ್ವಲ್ಪ ಹೆಚ್ಚಬೇಕು, ಮತ್ತು ಸೇಂಟ್ ಮೇರೀಸ್ ದ್ವೀಪದ ಬಂಡೆಗಳ ಸಮೀಪ ಬೋಟನ್ನು ಚುರುಕಾಗಿ ತಿರುಗಿಸುವಾಗ ಪ್ರೊಪೆಲ್ಲರ್ ನೀರಿನ ಹಿಡಿತ ಬಿಡಬಾರದು. ತಾವು ಸೂಚಿಸಿದಂತೆ ಸ್ಟೇನ್‌ಲೆಸ್ ಸ್ಟೀಲ್ ಪ್ರೊಪೆಲ್ಲರ್, ಇಂಜಿನ್ ಎತ್ತರ ಹೊಂದಿಸುವ ಜ್ಯಾಕ್ ಪ್ಲೇಟ್, ಗೇರ್ ಆಯಿಲ್ ಬದಲಾವಣೆ ಮತ್ತು ಗೇರ್ ಭಾಗಕ್ಕೆ ನೀರು ನುಗ್ಗದಂತೆ ತಡೆಯುವ ಸೀಲಿನ ತಪಾಸಣೆ, ಇಷ್ಟಕ್ಕೂ ಒಪ್ಪಿ ಬಿಲ್ಲಿನ ಪೂರ್ತಿ ಹಣ ಕಟ್ಟಿದ್ದೇನೆ. ಬೋಟು ಕೈಗೆ ಬಂದ ಮೇಲೆ ವೇಗವೂ ಕುಸಿದಿದೆ, ಹಿಡಿತವೂ ಹೋಗಿದೆ.

ಮೊದಲು ಪ್ರೊಪೆಲ್ಲರಿನ ವಿಷಯ. ನನ್ನ ಬೋಟಿನಲ್ಲಿದ್ದದ್ದು 17 ಇಂಚು ಪಿಚ್‌ನ ಅಲ್ಯೂಮಿನಿಯಂ ಪ್ರೊಪೆಲ್ಲರ್; ತಾವು ಹಾಕಿದ್ದು 21 ಇಂಚಿನದು. ಪಿಚ್ ಎಂದರೆ ಪ್ರೊಪೆಲ್ಲರ್ ಒಂದು ಸುತ್ತು ತಿರುಗಿದಾಗ, ಜಾರುವಿಕೆಯೇ ಇಲ್ಲದಿದ್ದರೆ, ಮುಂದಕ್ಕೆ ಸಾಗಬೇಕಾದ ದೂರವೆಂಬುದು ತಮಗೆ ಗೊತ್ತಿರುವ ಸಂಗತಿ. ಹಳೆಯ ಪ್ರೊಪೆಲ್ಲರಿನಲ್ಲಿ ಪೂರ್ಣ ಥ್ರಾಟಲ್ ಕೊಟ್ಟಾಗ ಇಂಜಿನ್ 5,600 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಮುಟ್ಟುತ್ತಿತ್ತು, 2.15ರ ಗೇರ್ ಅನುಪಾತದಲ್ಲಿ (ಇಂಜಿನ್ 2.15 ಸುತ್ತಿದರೆ ಪ್ರೊಪೆಲ್ಲರ್ ಒಂದು ಸುತ್ತು) ಅದು ಲೆಕ್ಕಕ್ಕೆ ಗಂಟೆಗೆ ಸುಮಾರು 67 ಕಿ.ಮೀ. ಆಗುತ್ತದೆ, ಜಿಪಿಎಸ್ 59 ಕಿ.ಮೀ. ತೋರಿಸುತ್ತಿತ್ತು. ಇಂಥ ಬೋಟಿಗೆ ಅಷ್ಟು ಸ್ಲಿಪ್, ಅಂದರೆ ಜಾರುವಿಕೆ, ಸಹಜವೇ. ಈಗ ಅದೇ ಜನ, ಅದೇ ಪೆಟ್ರೋಲು, ಅದೇ ಶಾಂತ ನೀರಿನಲ್ಲಿ ಇಂಜಿನ್ 4,800ರ ಮೇಲೆ ಏರುವುದೇ ಇಲ್ಲ. 21 ಇಂಚಿನ ಲೆಕ್ಕದಲ್ಲಿ ಬೋಟು 71 ಕಿ.ಮೀ. ಓಡಬೇಕು, ಜಿಪಿಎಸ್ ತೋರಿಸುವುದು 55. ಅಂದರೆ ಪ್ರೊಪೆಲ್ಲರಿನ ತಿರುಗುವಿಕೆಯಲ್ಲಿ ಐದನೇ ಒಂದು ಭಾಗಕ್ಕಿಂತ ಹೆಚ್ಚು ವ್ಯರ್ಥವಾಗುತ್ತಿದೆ.

ಕಳೆದುಹೋದ ವೇಗಕ್ಕಿಂತ ಇಂಜಿನ್ನಿಗೆ ಆಗುತ್ತಿರುವ ಹಾನಿ ನನ್ನನ್ನು ಹೆಚ್ಚು ಕಾಡುತ್ತಿದೆ. ಪೂರ್ಣ ಥ್ರಾಟಲ್‌ನಲ್ಲಿ ಈ ಇಂಜಿನ್ 5,000ದಿಂದ 6,000 ಆರ್‌ಪಿಎಂ ಒಳಗೆ ಓಡುವಂತಹ ಪ್ರೊಪೆಲ್ಲರನ್ನೇ ಆರಿಸಬೇಕೆಂದು ಅದರ ಕೈಪಿಡಿ ಹೇಳುತ್ತದೆ. ಅದಕ್ಕಿಂತ ಕೆಳಗೆ ಹಿಡಿದಿಟ್ಟರೆ ಎತ್ತರದ ಗೇರಿನಲ್ಲಿ ಘಾಟಿ ಹತ್ತುವ ಲಾರಿಯಂತೆ ಇಂಜಿನ್ ಒದ್ದಾಡುತ್ತದೆ. ಪಿಸ್ಟನ್, ಬೇರಿಂಗುಗಳ ಮೇಲೆ ಒತ್ತಡ ಬೀಳುತ್ತದೆ, ಇಂಗಾಲ ಕಟ್ಟುತ್ತದೆ. ಪಿಚ್ ಒಂದು ಇಂಚು ಹೆಚ್ಚಿದರೆ ಸುಮಾರು 150ರಿಂದ 200 ಆರ್‌ಪಿಎಂ ಇಳಿಯುತ್ತದೆ ಎಂಬುದು ಈ ವೃತ್ತಿಯಲ್ಲಿರುವ ಎಲ್ಲರೂ ಬಳಸುವ ಅಂದಾಜು. 5,600 ಆರ್‌ಪಿಎಂ ಓಡುತ್ತಿದ್ದ ಇಂಜಿನ್ನಿಗೆ ಒಮ್ಮೆಲೇ ನಾಲ್ಕು ಇಂಚು ಏರಿಸಿದರೆ ಏನಾಗುವುದೆಂದು ಕಾಗದದ ಮೇಲೆಯೇ ಕಾಣುತ್ತಿತ್ತು. ಕೆಲಸ ಒಪ್ಪಿಸುವಾಗಲೇ ನಾನು ಈ ಹಳೆಯ ಅಂಕಿಗಳನ್ನು ಬರೆದುಕೊಟ್ಟಿದ್ದೆ. ಆ ಚೀಟಿ ತಮ್ಮ ಜಾಬ್ ಕಾರ್ಡಿಗೆ ಲಗತ್ತಾಗಿದೆ.

ಎರಡನೆಯದು ಇಂಜಿನ್ನಿನ ಎತ್ತರ. ಗೇರ್ ಭಾಗವನ್ನು ಸ್ವಲ್ಪ ಮೇಲೆತ್ತಿದರೆ ನೀರಿನ ಎಳೆತ ಕಡಿಮೆಯಾಗಿ ವೇಗ ಬರುತ್ತದೆ ಎಂಬುದನ್ನು ನಾನು ಒಪ್ಪುತ್ತೇನೆ, ಆ ಕಾರಣಕ್ಕೇ ಜ್ಯಾಕ್ ಪ್ಲೇಟಿಗೆ ಹಣ ಕೊಟ್ಟಿದ್ದೇನೆ. ಆದರೆ ಎಷ್ಟು ಎತ್ತಬೇಕೆಂಬುದನ್ನು ನೀರಿನಲ್ಲಿ ಓಡಿಸಿ, ತಂಪುನೀರಿನ ಒತ್ತಡ ನೋಡುತ್ತಾ, ಸ್ವಲ್ಪಸ್ವಲ್ಪವೇ ನಿರ್ಧರಿಸಬೇಕಾಗುತ್ತದೆ. ತಮ್ಮ ಸಿಬ್ಬಂದಿ ಶೆಡ್ಡಿನಲ್ಲೇ ಬೋಲ್ಟು ಬಿಗಿದು ಕಳುಹಿಸಿದ್ದಾರೆ. ಪ್ರೊಪೆಲ್ಲರಿನ ಮೇಲಿರುವ, ಅದು ಮೇಲ್ಮೈಯ ಗಾಳಿ ಎಳೆದುಕೊಳ್ಳದಂತೆ ತಡೆಯುವ ಆಂಟಿ-ವೆಂಟಿಲೇಶನ್ ಪ್ಲೇಟು ಈಗ ಬೋಟಿನ ತಳಕ್ಕಿಂತ ಎರಡೂವರೆ ಇಂಚು ಮೇಲಿದೆ. ಪರಿಣಾಮವಾಗಿ ಸಾಧಾರಣ ತಿರುವಿನಲ್ಲೂ ಪ್ರೊಪೆಲ್ಲರ್ ಮೇಲ್ಮೈಯ ಗಾಳಿಯನ್ನು ಎಳೆದುಕೊಳ್ಳುತ್ತದೆ, ಇಂಜಿನ್ ಕಿರುಚುತ್ತದೆ, ಬೋಟು ಮುಂದೆ ಹೋಗುವುದಿಲ್ಲ. ಟ್ರಿಮ್ (ಇಂಜಿನ್ನಿನ ಓರೆ) ಒಳಕ್ಕೆ ಎಳೆದರೆ ಹಿಡಿತ ಅಷ್ಟಿಷ್ಟು ಮರಳುತ್ತದೆಯಾದರೂ ಬೋಟಿನ ಮೂತಿ ನೀರಿಗೆ ಒತ್ತಿ ಸ್ಟೀರಿಂಗ್ ಕಲ್ಲಿನಂತೆ ಬಿಗಿಯಾಗುತ್ತದೆ.

ಇದು ಎಷ್ಟು ಅಪಾಯಕಾರಿ ಎಂಬುದು ಮಲ್ಪೆಯ ಅಳಿವೆಯನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಒಳಬರುವಾಗ ಹಿಂದಿನಿಂದ ಅಲೆ ಎದ್ದರೆ ಥ್ರಾಟಲ್ ಕೊಟ್ಟು ಅದರಿಂದ ತಪ್ಪಿಸಿಕೊಳ್ಳುವುದೊಂದೇ ದಾರಿ. ಈ ಸಲ ನಾನು ಲಿವರ್ ಒತ್ತಿದಾಗ ಆರ್‌ಪಿಎಂ ಮುಳ್ಳು ಮೇಲಕ್ಕೆ ಜಿಗಿಯಿತು, ಬೋಟು ಇದ್ದಲ್ಲೇ ಉಳಿಯಿತು, ಹಿಂಭಾಗ ಓರೆಯಾಗಿ ಅಲೆಗೆ ಪಕ್ಕೆ ಕೊಡುವಂತಾಯಿತು. ಅದೇ ಹೊತ್ತಿಗೆ ಇಂಜಿನ್ನಿನ ಹಿಂದೆ ಚಿಮ್ಮುವ ತಂಪುನೀರಿನ ಧಾರೆ ನೂಲಿನಷ್ಟಾಗಿ ನಿಂತುಹೋಯಿತು, ಬಿಸಿಯ ಅಲಾರಂ ಕೂಗಿತು. ನೀರೆಳೆಯುವ ರಂಧ್ರಗಳು ನೀರಿನಲ್ಲಿರುವ ಬದಲು ಗಾಳಿಗೆ ತೆರೆದುಕೊಂಡಿದ್ದವು. ಬೋಟಿನಲ್ಲಿ ಆಗ ನಾನು ಮತ್ತು ಒಬ್ಬ ಸಹಾಯಕ ಮಾತ್ರ ಇದ್ದೆವು. ಅಂದಿನಿಂದ ನಾನು ಪ್ರವಾಸಿಗರನ್ನು ಹತ್ತಿಸಿಲ್ಲ. ಈ ಸ್ಥಿತಿಯಲ್ಲಿ ಹತ್ತಿಸುವುದೂ ಇಲ್ಲ.

ಮೂರನೆಯ ದೋಷ ಪ್ರೊಪೆಲ್ಲರ್ ಬಿಚ್ಚಿದಾಗ ಸಿಕ್ಕಿದ್ದು. ಗೇರ್ ಆಯಿಲ್ ಹಾಲು ಬೆರೆತಂತೆ ಬಿಳಿಯಾಗಿತ್ತು, ಅಂದರೆ ಅದಕ್ಕೆ ನೀರು ಸೇರಿತ್ತು. ಥ್ರಸ್ಟ್ ವಾಷರಿನ ಹಿಂದೆ, ಶಾಫ್ಟಿನ ಬುಡದಲ್ಲಿ, ನೀಲಿ ನೈಲಾನ್ ಬಲೆಯ ಎಳೆಗಳು ಬಿಗಿಯಾಗಿ ಸುತ್ತಿಕೊಂಡು ಸೀಲಿನ ತುಟಿಯನ್ನು ಕೊಯ್ದಿದ್ದವು. ಎಳೆಗಳು ಹಳೆಯವು, ಅವುಗಳ ಮೇಲೆಯೇ ತಮ್ಮ ವರ್ಕ್‌ಶಾಪಿನ ಹೊಸ ಗ್ರೀಸ್ ಮೆತ್ತಿಕೊಂಡಿತ್ತು. ಹಳೆಯ ಪ್ರೊಪೆಲ್ಲರ್ ತೆಗೆದವರ ಕಣ್ಣಿಗೆ ಇದು ಬೀಳದಿರಲು ಸಾಧ್ಯವಿಲ್ಲ. ಹೀಗಿದ್ದರೂ ಬಿಲ್ಲಿನಲ್ಲಿ ಸೀಲ್ ತಪಾಸಣೆಯ ಶುಲ್ಕವಿದೆ. ಇದರೊಂದಿಗೆ ತುಕ್ಕು ತಡೆಯುವ ಸತುವಿನ ಆನೋಡಿನ ಮೇಲೂ ಬಣ್ಣ ಬಳಿಯಲಾಗಿದೆ. ಉಪ್ಪುನೀರಿನಲ್ಲಿ ಸ್ಟೀಲ್ ಪ್ರೊಪೆಲ್ಲರ್ ಹಾಕಿದ ಅಲ್ಯೂಮಿನಿಯಂ ಗೇರ್‌ಕೇಸಿಗೆ ಆನೋಡೇ ರಕ್ಷಣೆ. ಬಣ್ಣ ಮುಚ್ಚಿದ ಆನೋಡ್ ಕೆಲಸವನ್ನೇ ಮಾಡುವುದಿಲ್ಲ.

ಫೋನಿನಲ್ಲಿ ತಮ್ಮ ಸಿಬ್ಬಂದಿ, ಫೈಬರ್ ನೀರು ಕುಡಿದು ಬೋಟು ಭಾರವಾಗಿರಬೇಕು, ಇಲ್ಲವೇ ಇಂಜಿನ್ ಸೊರಗಿರಬೇಕು ಎಂದರು. ಅದನ್ನು ಪರೀಕ್ಷಿಸಲೆಂದು, ಸೀಲ್ ಬದಲಿಸಿ ಹೊಸ ಆಯಿಲ್ ತುಂಬಿಸಿದ ಬಳಿಕ, ಹಳೆಯ 17 ಇಂಚಿನ ಪ್ರೊಪೆಲ್ಲರನ್ನೇ ಹಾಕಿ ಹೊಳೆಯ ಶಾಂತ ನೀರಿನಲ್ಲಿ ನೇರವಾಗಿ ಓಡಿಸಿದೆವು. ಇಂಜಿನ್ ಸಲೀಸಾಗಿ 5,600 ದಾಟಿತು. ಬೋಟು ಭಾರವಾಗಿದ್ದರೆ ಅಥವಾ ಇಂಜಿನ್ನಿನ ಶಕ್ತಿ ಕುಂದಿದ್ದರೆ ಹಾಗಾಗುತ್ತಿರಲಿಲ್ಲ. ಸ್ಟೀಲಿನ ಬಗ್ಗೆ ನನ್ನ ತಕರಾರಿಲ್ಲ. ತೆಳುವಾದ, ಬಾಗದ ಆ ಬ್ಲೇಡುಗಳಿಗೆ ಅವುಗಳದೇ ಗುಣವಿದೆ. ಈ ಬೋಟಿಗೆ ಹೊಂದುವ ಪಿಚ್‌ನಲ್ಲಿ, ತಿರುವಿನ ಹಿಡಿತಕ್ಕಾಗಿ ನಾಲ್ಕು ಬ್ಲೇಡಿನದನ್ನು ಕೊಟ್ಟಿದ್ದರೆ ನನ್ನ ಬೇಡಿಕೆ ಬಹುಪಾಲು ಈಡೇರುತ್ತಿತ್ತು.

ಆದ್ದರಿಂದ 21 ಇಂಚಿನ ಪ್ರೊಪೆಲ್ಲರನ್ನು ಹಿಂಪಡೆದು, ಪೂರ್ಣ ಥ್ರಾಟಲ್‌ನಲ್ಲಿ ಇಂಜಿನ್ 5,000ದಿಂದ 6,000 ಆರ್‌ಪಿಎಂ ಒಳಗೆ ಓಡುವಂತಹ ಪ್ರೊಪೆಲ್ಲರ್ ಕೊಡಬೇಕು, ಇಲ್ಲವೇ ಅದರ ಪೂರ್ತಿ ಬೆಲೆ ಮರಳಿಸಬೇಕು. ಇಂಜಿನ್ನಿನ ಎತ್ತರವನ್ನು ಮಲ್ಪೆಯಲ್ಲೇ, ನಾನು ಹಾಜರಿರುವಾಗ, ಪೂರ್ಣ ಭಾರದಲ್ಲಿ ಓಡಿಸಿ ಹೊಂದಿಸಬೇಕು. ಗೇರ್‌ಕೇಸನ್ನು ಒತ್ತಡ ಪರೀಕ್ಷೆಗೆ ಒಳಪಡಿಸಿ, ಗೇರು, ಬೇರಿಂಗುಗಳಿಗೆ ನೀರಿನಿಂದ ಹಾನಿಯಾಗಿದ್ದರೆ ಅದರ ವೆಚ್ಚವನ್ನೂ ನಾನು ಮಾಡಿಸಿದ ಸೀಲ್ ದುರಸ್ತಿಯ ಖರ್ಚನ್ನೂ ತಮ್ಮ ಸಂಸ್ಥೆಯೇ ಭರಿಸಬೇಕು. ಆನೋಡ್ ಬದಲಿಸಿಕೊಡಬೇಕು.

ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರವನ್ನು ನಿರೀಕ್ಷಿಸುತ್ತೇನೆ. ಬೋಟು ವ್ಯಾಪಾರದ್ದಾದ್ದರಿಂದ ಗ್ರಾಹಕ ಕಾನೂನು ಅನ್ವಯಿಸುವುದಿಲ್ಲ ಎಂಬ ಮಾತೂ ತಮ್ಮ ಕಡೆಯಿಂದ ಬಂದಿದೆ. ಸ್ವಂತ ದುಡಿಮೆಯಿಂದ ಜೀವನ ನಡೆಸಲೆಂದೇ ಕೊಂಡು ಬಳಸುವ ಸರಕನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ವಾಣಿಜ್ಯ ಉದ್ದೇಶದ್ದೆಂದು ಪರಿಗಣಿಸುವುದಿಲ್ಲ. ಈ ಬೋಟನ್ನು ಓಡಿಸುವವನು ನಾನೇ, ನನ್ನ ಮನೆ ನಡೆಯುವುದೂ ಇದರಿಂದಲೇ. ಉತ್ತರ ಬಾರದಿದ್ದರೆ ಬಿಲ್ಲು, ಜಾಬ್ ಕಾರ್ಡಿನ ಪ್ರತಿ, ಜಿಪಿಎಸ್ ಮತ್ತು ಆರ್‌ಪಿಎಂ ಮೀಟರಿನ ವಿಡಿಯೋ ಹಾಗೂ ಕೊಯ್ದ ಸೀಲಿನೊಂದಿಗೆ ನಾನು ವಾಸಿಸುವ ಉಡುಪಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ. ಸೀಲನ್ನೂ ಆ ಎಳೆಗಳನ್ನೂ ಹಾಗೆಯೇ ತೆಗೆದಿಟ್ಟಿದ್ದೇನೆ. ತಮ್ಮ ತಂತ್ರಜ್ಞರು ಯಾವಾಗ ಬೇಕಾದರೂ ಬಂದು ಪರಿಶೀಲಿಸಬಹುದು.

ಇಂತಿ ತಮ್ಮ ವಿಶ್ವಾಸಿ,
(ಸಹಿ)
ಬೋಟ್ ಮಾಲೀಕ, ಮಲ್ಪೆ